ಆಪರೇಟರ್ ಕ್ರಮ: ಇಲ್ಲ

ಪಂಪು ಕಚ್ಚುವುದನ್ನು ನಾನು ಇನ್ನೂರ ಹನ್ನೆರಡು ಸಲ ನೋಡಿದ್ದೇನೆ. ಎಣಿಸಿದ್ದು ನಾನೇ, ಪುಸ್ತಕದಲ್ಲಿ ಬರೆದದ್ದೂ ನಾನೇ. ಆದ್ದರಿಂದ ಇದೊಂದು ಅಂಕಿಯನ್ನಾದರೂ ಧೈರ್ಯವಾಗಿ ಹೇಳುತ್ತೇನೆ. ಉಳಿದದ್ದನ್ನು ಹೇಳುವಾಗ ಎಲ್ಲಿ ತಪ್ಪುತ್ತೇನೋ ಎಂಬ ಅಳುಕು ಇದ್ದೇ ಇದೆ.

ಕಚ್ಚುವುದು ಎಂದರೆ ನಮ್ಮ ಲ್ಯಾಬಿನ ಮಾತು. ಸೋತುಹೋದ ಹೃದಯದ ತುದಿಗೆ ಡಾಕ್ಟರು ಒಂದು ಪುಟ್ಟ ಪಂಪು ಕೂರಿಸುತ್ತಾರೆ. ಅದು ಹೃದಯದೊಳಗಿನ ರಕ್ತವನ್ನು ಎಳೆದು ಮೈಗೆಲ್ಲ ತಳ್ಳುತ್ತದೆ. ಹೃದಯದಲ್ಲಿ ಸಾಕಷ್ಟು ರಕ್ತ ಇರುವವರೆಗೆ ಎಲ್ಲ ಸರಿ. ರಕ್ತ ಕಡಿಮೆಯಾದಾಗಲೂ ಪಂಪು ಅದೇ ವೇಗದಲ್ಲಿ ಎಳೆಯುತ್ತಿದ್ದರೆ, ಎಳೆಯಲು ಏನೂ ಸಿಗದೆ ಹೃದಯದ ಗೋಡೆಯನ್ನೇ ಎಳೆದು ಬಾಯಿಗೆ ಮೆತ್ತಿಕೊಳ್ಳುತ್ತದೆ. ಮಕ್ಕಳು ಹಾಲಿನ ಪೊಟ್ಟಣವನ್ನು ಕೊನೆಯ ಹನಿವರೆಗೂ ಹೀರಿ ಅದರ ಹೊಟ್ಟೆ ಒಳಗೆ ಹೋಗುವಂತೆ ಮಾಡುತ್ತಾರಲ್ಲ, ಹಾಗೆ. ಪಂಪಿನ ಬಾಯಿ ಮುಚ್ಚಿದರೆ ಮೈಗೆ ರಕ್ತ ಹೋಗುವುದಿಲ್ಲ. ಮನುಷ್ಯ ತಲೆತಿರುಗಿ ಬೀಳುತ್ತಾನೆ, ಹೃದಯ ತಾಳ ತಪ್ಪುತ್ತದೆ.

ಇದನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಅದಕ್ಕೇ ನಮ್ಮ ನೆಲಮಾಳಿಗೆಯಲ್ಲಿ ಒಂದು ಅಣಕು ಹೃದಯ ಇದೆ. ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಸಿಲಿಕೋನ್ ಚೀಲ, ಅದನ್ನು ಹಿಂಡಿ ಬಿಡುವ ಗಾಳಿಯಂತ್ರ, ಒಂದು ತೊಟ್ಟಿ, ಸುತ್ತು ಹೊಡೆಯುವ ಕೊಳವೆಗಳು, ನಡುವೆ ನಿಜವಾದ ಪಂಪು. ರಕ್ತದ ಬದಲು ನೀರಿಗೆ ಗ್ಲಿಸರಿನ್ ಬೆರೆಸಿ ಮೈಬಿಸಿಗೆ ಕಾಯಿಸಿ ತುಂಬುತ್ತೇವೆ. ಬೆರೆಸುವವಳು ನಾನು. ಹಾಗಾಗಿ ಇಡೀ ಕಟ್ಟಡದಲ್ಲಿ ನಾನು ಗ್ಲಿಸರಿನ್ ಅಕ್ಕ. ಮೊದಲಿಗೆ ಬೇಜಾರಾಗುತ್ತಿತ್ತು. ಆಮೇಲೆ, ಅಂಟಿಕೊಂಡ ಹೆಸರು ಅಲ್ಲವೇ, ಹೋಗುವುದಿಲ್ಲ ಎಂದು ಸುಮ್ಮನಾದೆ.

ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಒಂದು ಹಾಲಿನ ಡೈರಿಯಲ್ಲಿದ್ದೆ. ಹಸುವಿನ ಹಾಲು ಕರೆಯುವ ಯಂತ್ರಗಳ ರಿಪೇರಿ ನನ್ನ ಕೆಲಸ. ಸಂಜೆ ತರಗತಿಯಲ್ಲಿ ಡಿಪ್ಲೊಮಾ ಮಾಡಿದೆ. ಉಳಿದವರು ಎರಡೂವರೆ ವರ್ಷದಲ್ಲಿ ಮುಗಿಸಿದ್ದನ್ನು ನಾನು ನಾಲ್ಕು ವರ್ಷದಲ್ಲಿ ಮುಗಿಸಿದೆ. ಆ ಡೈರಿಯಲ್ಲಿ ಕಲಿತ ಒಂದು ಚಾಳಿಯೇ ನನ್ನನ್ನು ಇಷ್ಟು ದೂರ ಎಳೆದುಕೊಂಡು ಬಂತು. ಹಸುವಿನ ಮೊಲೆಗೆ ಹಾಕುವ ರಬ್ಬರ್ ಬಟ್ಟಲು ಒಮ್ಮೊಮ್ಮೆ ಒಳಕ್ಕೆ ಕುಸಿದು ಮೆತ್ತಿಕೊಳ್ಳುತ್ತದೆ. ಯಂತ್ರ ನಿಲ್ಲಿಸಿದರೆ ಹಸು ಹಾಲು ಮೇಲಕ್ಕೆಳೆದುಕೊಂಡು ಬಿಡದೆ ನಿಲ್ಲುತ್ತದೆ. ಅದಕ್ಕೆ ಬಟ್ಟಲಿನ ಕುತ್ತಿಗೆಗೆ ನಡುಬೆರಳಿನ ಉಗುರಿನಿಂದ ಟಕ್ ಎಂದು ಒಂದು ಏಟು. ಬಿಟ್ಟುಕೊಳ್ಳುತ್ತದೆ. ಅಲ್ಲಿ ಯಾರೂ ಇದನ್ನು ಕೆಲಸ ಎಂದು ಕರೆಯುತ್ತಿರಲಿಲ್ಲ. ನೊಣ ಓಡಿಸಿದಷ್ಟೇ ಲೆಕ್ಕ.

ಲ್ಯಾಬಿಗೆ ಸೇರಿದ ಮೊದಲ ತಿಂಗಳು, ಪುಸ್ತಕದ ಲೆಕ್ಕ ಇನ್ನೂ ಶುರುವಾಗುವ ಮುಂಚೆ, ಪಂಪು ಕಚ್ಚಿ ಬಿಡದೆ, ಒಂದು ಹಳೆಯ ಚೀಲ ಹರಿಯಿತು. ಅಂಥ ಚೀಲ ಹೊಸದು ಬರಲು ಐದು ವಾರ. ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರು ಬಂದು ನೋಡಿದರು. ಬೈಯಲಿಲ್ಲ. "ಹರಿದೇ ಹೋಯ್ತಲ್ಲಮ್ಮಾ" ಅಂದರು ಅಷ್ಟೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಹೊಸ ಚೀಲ ಬಂದ ದಿನದಿಂದ ಪಂಪು ಕಚ್ಚಿ ಎರಡು ಸೆಕೆಂಡಾಗುತ್ತಲೇ ನನ್ನ ಕೈ ತಾನಾಗಿ ಹೋಗಿ ಕೊಳವೆಗೆ ಟಕ್ ಅನ್ನುತ್ತಿತ್ತು. ಚೀಲ ಬಿಟ್ಟುಕೊಳ್ಳುತ್ತಿತ್ತು. ಮುಂದಿನ ಪರೀಕ್ಷೆ. ವಾರಕ್ಕೆ ಎಂಟೋ ಹತ್ತೋ.

ಪ್ರತಿ ಪರೀಕ್ಷೆಗೂ ಪುಸ್ತಕದಲ್ಲಿ ಒಂದು ಸಾಲು ತುಂಬಬೇಕು. ಪಂಪಿನ ವೇಗ, ತೊಟ್ಟಿಯ ಮಟ್ಟ, ಕಚ್ಚಿದ ಹೊತ್ತು, ಬಿಟ್ಟ ಹೊತ್ತು. ಕೊನೆಯಲ್ಲಿ ಒಂದು ಖಾನೆ: ಆಪರೇಟರ್ ಕ್ರಮ. ಅಂದರೆ ಯಂತ್ರ ನಡೆಸುವವರು ನಡುವೆ ಕೈಹಾಕಿ ಏನಾದರೂ ಮಾಡಿದರೇ ಎಂದು. ನಾನು ಪ್ರತಿ ಸಲವೂ ದುಂಡಗೆ "ಇಲ್ಲ" ಎಂದು ಬರೆದೆ. ಕಚ್ಚಿದ ಮೇಲೆ ಪಂಪಿನ ವೇಗ ಬದಲಿಸಿರಲಿಲ್ಲ, ಹಿಡಿಕೆ ತಿರುಗಿಸಿರಲಿಲ್ಲ. ಟಕ್ ಎಂದು ತಟ್ಟುವುದು ಕ್ರಮ ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆಯಲೇ ಇಲ್ಲ ಎಂದು ಬರೆದುಬಿಟ್ಟೆ. ಅದು ಪೂರ್ತಿ ನಿಜವಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಇಂಜಿನಿಯರ್ ಹುಡುಗಿ ಕೂರುವುದು ಗಾಜಿನ ಆಚೆ, ಪರದೆಗೆ ಮುಖ, ನನಗೆ ಬೆನ್ನು. ಮೂವತ್ತು ತುಂಬಿಲ್ಲ. ನನ್ನನ್ನು ಅಕ್ಕಾ ಎನ್ನುತ್ತಾಳೆ, ನಾನು ಅವಳನ್ನು ಮೇಡಂ ಎನ್ನುತ್ತೇನೆ. ಇಬ್ಬರಿಗೂ ಅದೇ ಸರಿಹೋಗಿದೆ. ಪಂಪು ಕಚ್ಚಿದಾಗ ತಾನೇ ಗುರುತಿಸಿ ವೇಗ ಇಳಿಸುವ ಕಂಟ್ರೋಲರ್ ಅವಳ ಕೂಸು. ಹಳೆಯ ಕಂಟ್ರೋಲರ್ ಕಚ್ಚಿದ ಕೂಡಲೇ ವೇಗವನ್ನು ದಬಕ್ಕನೆ ಇಳಿಸುತ್ತಿತ್ತು. ಪುಕ್ಕಲ, ನೆರಳು ಕಂಡರೂ ಓಡುತ್ತದೆ ಎಂದು ಅವಳು ನಗುತ್ತಿದ್ದಳು. ಸುಮ್ಮಸುಮ್ಮನೆ ವೇಗ ಇಳಿದರೆ ರೋಗಿಗೆ ಸುಸ್ತು. ನಮ್ಮ ಲ್ಯಾಬಿನ ದಾಖಲೆಯಲ್ಲಿ ಪ್ರತಿ ಸಲವೂ ಗೋಡೆ ಮೂರು ಸೆಕೆಂಡಿನೊಳಗೆ ತಾನಾಗಿ ಬಿಟ್ಟುಕೊಂಡಿತ್ತು. ಆದ್ದರಿಂದ ಹೊಸ ಕಂಟ್ರೋಲರಿಗೆ ಅವಳು ಕಲಿಸಿದ ಪಾಠ ಇದು: ಆರು ಸೆಕೆಂಡು ಕಾಯಿ, ಬಿಡದಿದ್ದರೆ ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸು, ಅವಸರ ಬೇಡ.

ಆ ಕಂಟ್ರೋಲರನ್ನು ಮೊದಲು ಮೂವರಿಗೆ ಕೊಡುವುದೆಂದು ಆಸ್ಪತ್ರೆ ಒಪ್ಪಿತು. ಮೊದಲನೆಯವರು ಒಬ್ಬ ಬಡಗಿ, ಅರವತ್ತೆರಡು ವರ್ಷ. ಮನೆಗೆ ಹೋಗುವ ಮುಂಚೆ ಹೆಂಡತಿಯ ಜೊತೆ ನಮ್ಮ ಲ್ಯಾಬು ನೋಡಲು ಬಂದಿದ್ದರು. ಅಣಕು ಹೃದಯದ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಬೇರೆ ಬಡಗಿ ಮಾಡಿದ ಬೀರು ನೋಡುವವರ ಹಾಗೆ ಸುತ್ತಲೂ ನೋಡಿದರು.

"ಇದು ನನ್ನ ಪಂಪಿನ ತಮ್ಮನಾ?"

"ಅಣ್ಣ," ಅಂದೆ. "ಮೊದಲು ಎಲ್ಲ ಪೆಟ್ಟೂ ತಿನ್ನೋದು ಇದೇ."

ಹೆಂಡತಿ ಅಂಜುತ್ತಂಜುತ್ತ ಕೇಳಿದರು: "ಅಲ್ಲಮ್ಮಾ, ಮಣಿಕಟ್ಟು ಹಿಡಿದ್ರೆ ಏನೂ ಸಿಗಲ್ಲ ಇವರಿಗೆ. ಅದು ಸರೀನಾ?"

"ಸರಿ. ಪಂಪು ಒಂದೇ ಸಮ ಹರಿಸುತ್ತೆ, ಅದಕ್ಕೆ ಬಡಿತ ಗೊತ್ತಾಗಲ್ಲ."

"ಮೂವತ್ತೈದು ವರ್ಷ ನನ್ನ ನಾಡಿ ಹಿಡಿದೇ ಆಳಿದ್ಲು," ಅಂದರು ಬಡಗಿ. "ಈಗ ನಾಡಿನೇ ಇಲ್ಲ. ಪಾಪ, ಏನು ಹಿಡೀತಾಳೆ!"

"ಮೊಂಡು ಹಿಡಿದ್ರೆ ಸಾಕು, ಅದು ಬೇಕಾದಷ್ಟಿದೆ," ಅಂದರು ಹೆಂಡತಿ.

ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜಾಸ್ತಿ ನಕ್ಕೆ.

ಮೂರು ವಾರ ಕಳೆದು ಒಂದು ಮಂಗಳವಾರ ಸುದ್ದಿ ಬಂತು. ಬಡಗಿ ಬಚ್ಚಲಲ್ಲಿ ಬಿದ್ದಿದ್ದಾರೆ. ಭುಜದ ಮೂಳೆ ಮುರಿದಿದೆ, ಹೃದಯ ತಾಳ ತಪ್ಪಿತ್ತು, ಶಾಕ್ ಕೊಟ್ಟು ಸರಿಗೆ ತಂದಿದ್ದಾರೆ, ತೀವ್ರ ನಿಗಾ ಘಟಕದಲ್ಲಿದ್ದಾರೆ. ಕಂಟ್ರೋಲರಿನೊಳಗಿನ ದಾಖಲೆಯನ್ನು ಆಸ್ಪತ್ರೆಯವರು ಕಳಿಸಿದ್ದರು. ಇಂಜಿನಿಯರ್ ನನ್ನನ್ನು ಗಾಜಿನ ಆಚೆಗೆ ಕರೆದಳು.

"ಅಕ್ಕಾ, ಇಲ್ಲಿ ನೋಡಿ. ಇಲ್ಲಿ ಕಚ್ಚಿದೆ. ಆರು ಸೆಕೆಂಡು ಕಾದಿದೆ. ಬಿಟ್ಟಿಲ್ಲ. ಮೆಟ್ಟಿಲು ಇಳಿದಿದೆ, ಆಗಲೂ ಬಿಟ್ಟಿಲ್ಲ. ಒಟ್ಟು ಇಪ್ಪತ್ತೆರಡು ಸೆಕೆಂಡು! ನಮ್ಮ ದಾಖಲೇಲಿ ಒಂದು ಸಲಾನೂ ಹೀಗಾಗಿಲ್ಲ. ಆ ಉಬ್ಬೇ ಬಂದಿಲ್ಲ ನೋಡಿ."

ಉಬ್ಬು ಎಂದರೆ ನಮ್ಮ ಲ್ಯಾಬಿನ ಗೆರೆಗಳಲ್ಲಿ, ಗೋಡೆ ಬಿಟ್ಟುಕೊಳ್ಳುವ ಮುಂಚೆ, ಒತ್ತಡದ ಗೆರೆಯಲ್ಲಿ ಕಾಣುವ ಒಂದು ಸಣ್ಣ ಗುಬುಟು. ಗೋಡೆ ತಾನಾಗಿ ಪುಟಿಯುವ ಗುರುತು ಅದು ಎಂದು ಅವಳು ಪ್ರಬಂಧದಲ್ಲಿ ಬರೆದಿದ್ದಳು, ಬಿಡುಗಡೆಯ ಉಬ್ಬು ಎಂದು ಹೆಸರಿಟ್ಟಿದ್ದಳು. ಆ ಪ್ರಬಂಧದ ಕೊನೆಯಲ್ಲಿ ನನಗೂ ಒಂದು ಸಾಲಿನ ಧನ್ಯವಾದ ಇದೆ, ತಾಳ್ಮೆಯ ಕೆಲಸಕ್ಕಾಗಿ ಎಂದು.

ಅದು ನನ್ನ ಉಗುರು. ಪರದೆಯ ಮೇಲೆ ಅವಳು ಪಕ್ಕದಲ್ಲಿಟ್ಟ ನಮ್ಮ ಹಳೆಯ ಗೆರೆಗಳಲ್ಲಿ, ಒಂದೊಂದರಲ್ಲೂ, ನನ್ನ ನಡುಬೆರಳಿನ ಉಗುರು.

ನಾನು ಅಂದದ್ದು, "ಓ, ಹೌದಲ್ಲಾ ಮೇಡಂ."

"ನನ್ನದೇ ಏನೋ ತಪ್ಪು," ಅಂದಳು ಅವಳು. "ಆಸ್ಪತ್ರೆಯವರು ಹೇಳ್ತಿದಾರೆ, ಪೇಷಂಟ್ ನೀರು ಕಡಿಮೆ ಕುಡಿದಿದ್ದಾರೆ, ಮೈಯಲ್ಲಿ ರಕ್ತದ ಪ್ರಮಾಣ ಇಳಿದಿತ್ತು ಅಂತ. ಅದಕ್ಕೇ ಗೋಡೆ ಪುಟಿದಿಲ್ಲವೋ ಏನೋ. ಗುರುವಾರ ಹನ್ನೊಂದಕ್ಕೆ ಮೀಟಿಂಗು. ಅದೇ ದಿನ ಮಧ್ಯಾಹ್ನ ಉಳಿದಿಬ್ಬರು ಮನೆಗೆ ಹೋಗ್ತಾರೆ."

"ಇದೇ ಕಂಟ್ರೋಲರ್ ಹಾಕ್ಕೊಂಡಾ?"

"ಇನ್ನೇನು! ನೀರು ಸರಿಯಾಗಿ ಕುಡೀರಿ ಅಂತ ಹೇಳಿ ಕಳಿಸೋದು."

ಆಗಲೇ ಹೇಳಬಹುದಿತ್ತು. ಬಾಗಿಲಿನವರೆಗೆ ಹೋಗಿ ತಿರುಗಿ ನಿಂತದ್ದೂ ಉಂಟು. ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಗೆರೆ ನೋಡುತ್ತಿದ್ದಳು. ಈಗ ಬೇಡ, ಮೊದಲು ನನಗೇ ಖಾತ್ರಿಯಾಗಲಿ ಎಂದುಕೊಂಡೆ. ಖಾತ್ರಿಯಾಗದೆ ಉಳಿದದ್ದು ಏನೂ ಇರಲಿಲ್ಲ. ಹೇಡಿಗೆ ಯಾವಾಗಲೂ ಇನ್ನೊಂದು ಖಾತ್ರಿ ಬೇಕು.

ಬುಧವಾರ ಬಡಗಿಯ ಕಂಟ್ರೋಲರ್ ತರಲು ನನ್ನನ್ನೇ ಆಸ್ಪತ್ರೆಗೆ ಕಳಿಸಿದರು. ಪೆಟ್ಟಿಗೆಗೆ ಸಹಿ ಹಾಕಿ ಹೊರಬಂದರೆ ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರ ಹೆಂಡತಿ. ನನ್ನನ್ನು ನೋಡಿದ ಕೂಡಲೇ ಎದ್ದರು. ಕೈಯಲ್ಲಿ ಮಡಿಚಿ ಮಡಿಚಿ ಮೆತ್ತಗಾದ ಒಂದು ಹಾಳೆ.

"ನೀವು ಆ ಯಂತ್ರದ ಅಮ್ಮ ಅಲ್ವಾ? ನೋಡಿ, ನೀವಾದರೂ ನೋಡಿ. ಡಾಕ್ಟರು ಓದೋದೂ ಇಲ್ಲ. ದಿನಾ ಎಷ್ಟು ಲೋಟ ಅಂತ ಬರೆದಿಟ್ಟಿದ್ದೀನಿ. ಎಂಟು, ಎಂಟು, ಏಳು, ಎಂಟು. ಬಿದ್ದ ದಿನ ಆರು. ಅವತ್ತು ಒಂಚೂರು ಜ್ವರ ಇತ್ತು, ಬಾಯಿಗೆ ಸೇರಲ್ಲ ಅಂದ್ರು. ಬಲವಂತ ಮಾಡ್ಬೇಕಿತ್ತು. ನಾನು ಬಿಟ್ಟುಬಿಟ್ಟೆ. ಸೋಮಾರಿತನ ಅಲ್ಲಮ್ಮ, ಅವರು ಬೈತಾರೆ ಅಂತ ಬಿಟ್ಟೆ."

"ಎರಡು ಲೋಟದಿಂದ ಏನೂ..." ಅಂದೆ.

"ಮಗಳು ಮಾತಾಡ್ತಿಲ್ಲ ನನ್ನ ಹತ್ರ. ಅಪ್ಪನಿಗೆ ಎರಡು ಲೋಟ ನೀರು ಕೊಡೋಕೆ ಆಗಲಿಲ್ವಾ ನಿಂಗೆ ಅಂದ್ಲು. ಒಳಗೆ ಬಿಡ್ತಾರೆ, ಆದ್ರೂ ನಾನು ಹೋಗಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ನನ್ನ ಪಾಪವನ್ನು ಆ ಹೆಂಗಸು ಹಾಳೆಯಲ್ಲಿ ಬರೆದುಕೊಂಡು ಕೂತಿದ್ದರು. ನಾನು ಪೆಟ್ಟಿಗೆ ಎದೆಗವುಚಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಬಂದೆ. ಆ ದಾರಿಗೆ ಹತ್ತು ನಿಮಿಷಕ್ಕೊಂದು ಬಸ್ಸು.

ಮನೆಯಲ್ಲಿ ಸಂಜೆ ನಾನು ಮತ್ತು ಅತ್ತೆ ಇಬ್ಬರೇ. ನಮ್ಮ ಮನೆಯವರದು ಲಾರಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಅತ್ತೆ ಕುಳಿತು ಬಟಾಣಿ ಬಿಡಿಸುತ್ತಿದ್ದರು. ನಾನೂ ಕೂತೆ. ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಬುಟ್ಟಿಗೂ ಹಾಕತೊಡಗಿದೆ.

"ಏನೇ ಅದು? ಸಿಪ್ಪೆ ಬೇಯಿಸಿ ಹಾಕೋಣ ಅಂತಾನಾ ನಂಗೆ? ಹಲ್ಲಿಲ್ಲದೋಳಿಗೆ?"

ಎಲ್ಲ ಹೇಳಿದೆ. ಅತ್ತೆ ಬಾಯಿಗೆ ಹೆದರದವರಿಲ್ಲ ನಮ್ಮ ಬೀದಿಯಲ್ಲಿ. ಇವರು ನನ್ನನ್ನು ಚೆನ್ನಾಗಿ ಉಗಿದು, ಹೋಗು, ಬೆಳಿಗ್ಗೆ ಎದ್ದ ಕೂಡಲೇ ಹೇಳು ಎನ್ನುತ್ತಾರೆ ಎಂದೇ ನಾನು ಹೇಳಿದ್ದು. ನನ್ನ ಕೈಲಾಗದ್ದನ್ನು ಅವರ ಬೈಗುಳ ಮಾಡಿಸುತ್ತದೆ ಎಂಬ ಆಸೆ.

ಅತ್ತೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಯೋಚಿಸಿದರು.

"ಯಾರಾದ್ರೂ ಕೇಳಿದ್ರಾ ನಿನ್ನ?"

"ಇಲ್ಲ."

"ಮತ್ತೆ? ಕೇಳದೆ ಇದ್ದೋರಿಗೆ ಹೋಗಿ ಉತ್ತರ ಕೊಡೋಕೆ ನೀನೇನು ಪರೀಕ್ಷೆ ಬರೀತಿದೀಯಾ? ಅಷ್ಟು ಓದಿದೋರಿಗೆ ಗೊತ್ತಾಗದೆ ಹೋದದ್ದು ನಿನ್ನ ಉಗುರಿಂದ ಅಂತ ನೀನೇ ಡಂಗುರ ಹೊಡೀಬೇಕಾ?"

"ಅತ್ತೆ, ಇನ್ನಿಬ್ಬರು ಮನೆಗೆ ಹೋಗ್ತಿದಾರೆ."

"ನೀರು ಕುಡೀರಿ ಅಂದಿದಾರಲ್ಲ. ಕುಡೀತಾರೆ. ಭಯ ಇದ್ರೆ ಕೆರೆನೇ ಕುಡೀತಾರೆ." ಆಮೇಲೆ ಸ್ವಲ್ಪ ಮೆತ್ತಗಾಗಿ, "ನಲವತ್ತಾರು ವರ್ಷ ನಿಂಗೆ. ಆ ಕೆಲಸ ಹೋದ್ರೆ ಮತ್ತೆ ಹಸು ಹತ್ರ ಹೋಗ್ತೀಯಾ? ಒದೆ ತಿಂದಿದ್ದು ಮರೆತುಹೋಯ್ತಾ?"

ನಾನು ಕಸದ ಬುಟ್ಟಿಯಿಂದ ಕಾಳು ಆರಿಸತೊಡಗಿದೆ. ಅತ್ತೆಯ ಮಾತಲ್ಲಿ ಒಂದೂ ತಪ್ಪಿರಲಿಲ್ಲ, ಅದೇ ಕಷ್ಟ. ತಪ್ಪಿದ್ದಿದ್ದರೆ ಅದರ ವಿರುದ್ಧ ಎದ್ದು ನಿಲ್ಲಬಹುದಿತ್ತು. ಆ ಸಂಜೆ ನನಗೆ ಗೊತ್ತಾದದ್ದು ಇಷ್ಟೇ: ಇದನ್ನು ನನ್ನಿಂದ ಯಾರೂ ಮಾಡಿಸುವುದಿಲ್ಲ. ಅತ್ತೆ ಬೈಯುವುದಿಲ್ಲ, ಇಂಜಿನಿಯರ್ ಕೇಳುವುದಿಲ್ಲ, ಪುಸ್ತಕ ತೆರೆದು ನೋಡಿದವರಿಗೂ ಕಾಣುವುದು ದುಂಡಗಿನ "ಇಲ್ಲ".

ಗುರುವಾರ ಎಂಟೂವರೆಗೇ ಲ್ಯಾಬಿಗೆ ಹೋದೆ. ಗ್ಲಿಸರಿನ್ ಬೆರೆಸಿ, ಕಾಯಲು ಇಟ್ಟು, ಅಳತೆಯನ್ನು ಎಂದಿನಂತೆ ಮೂರು ಸಲ ನೋಡಿದೆ. ಇಂಜಿನಿಯರ್ ಒಂಬತ್ತಕ್ಕೆ ಬಂದಳು. ನಿದ್ದೆಗೆಟ್ಟ ಕಣ್ಣು.

"ಮೇಡಂ, ಮೀಟಿಂಗಿಗೆ ಮುಂಚೆ ಒಂದು ಹತ್ತು ನಿಮಿಷ ಈ ಕಡೆ ಬನ್ನಿ. ಗಾಜಿನ ಆಚೆ ಅಲ್ಲ. ಇಲ್ಲಿ, ನನ್ನ ಪಕ್ಕ."

"ಅಕ್ಕಾ, ನನ್ನ ಸ್ಲೈಡೇ ಮುಗಿದಿಲ್ಲ..."

"ಸ್ಲೈಡ್ ಬದಲಾಗಬಹುದು."

ಅವಳು ಬಂದು ನಿಂತಳು. ನಾನು ಹಿಡಿಕೆ ತಿರುಗಿಸಿ ಚೀಲಕ್ಕೆ ಬರುವ ಹರಿವನ್ನು ಕಡಿಮೆ ಮಾಡಿದೆ. ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿ ಮುಷ್ಟಿ ಕಟ್ಟಿಕೊಂಡೆ.

"ನನ್ನ ಕೈ ನೋಡ್ತಿರಿ," ಅಂದೆ.

ಚೀಲ ಬಡವಾಯಿತು. ಪಂಪು ಗೊರ್ ಎಂದು ಸ್ವರ ಬದಲಿಸಿತು. ಕಚ್ಚಿತು. ಗಡಿಯಾರದಲ್ಲಿ ಎರಡು, ಮೂರು. ನನ್ನ ಬೆರಳು ಜೇಬಿನೊಳಗೆ ತಾನಾಗಿ ಬಿಚ್ಚಿಕೊಂಡಿತು. ಐದು. ಎಂಟು. ಚೀಲದ ಗೋಡೆ ಪಂಪಿನ ಬಾಯಿಗೆ ಮೆತ್ತಿಕೊಂಡು ಬಿಳಿಚಿ ನಿಂತಿತ್ತು. ಹದಿನೈದು. ಇಪ್ಪತ್ತಕ್ಕೆ ನಾನು ಪಂಪು ನಿಲ್ಲಿಸಿದೆ.

"ಉಬ್ಬು ಎಲ್ಲಿ?" ಅಂದಳು ಅವಳು.

ಮತ್ತೊಮ್ಮೆ ಮಾಡಿದೆ. ಬಿಡಲಿಲ್ಲ. ಮೂರನೆಯ ಸಲ ಹದಿನೇಳನೆಯ ಸೆಕೆಂಡಿಗೆ ಚೀಲ ಸೀಳಿಹೋಯಿತು. ಗ್ಲಿಸರಿನ್ ನೀರು ಮೇಜಿನಿಂದ ನೆಲಕ್ಕೆ ಇಳಿಯಿತು. ಇಬ್ಬರೂ ಒರೆಸಲು ಬಗ್ಗಲಿಲ್ಲ.

"ಇನ್ನೂರ ಹನ್ನೆರಡು ಸಲವೂ ನಾನು ತಟ್ಟಿದ್ದೆ, ಮೇಡಂ. ಹೀಗೆ." ಜೇಬಿನಿಂದ ಕೈ ತೆಗೆದು ಕೊಳವೆಗೆ ಟಕ್ ಅನ್ನಿಸಿದೆ. ಗಾಜಿನ ಆಚೆಯ ಪರದೆಯಲ್ಲಿ, ಖಾಲಿ ಗೆರೆಯ ಮೇಲೆ, ಪುಟ್ಟ ಉಬ್ಬು ಎದ್ದಿತು. "ಚೀಲ ಹರೀಬಾರದು ಅಂತ. ಒಂದು ಸಲಾನೂ ತಾನಾಗಿ ಬಿಟ್ಟಿಲ್ಲ."

ಅವಳು ನೆಲದ ಮೇಲಿನ ನೀರಿನಲ್ಲೇ ಸ್ಟೂಲು ಎಳೆದು ಕುಳಿತಳು. ಅವಳ ಮುಖದಲ್ಲಿ ನಾನು ಕಾದಿದ್ದ ಸಿಟ್ಟು ಬರಲಿಲ್ಲ. ಬಂದದ್ದು ಅದಕ್ಕಿಂತ ಕೆಟ್ಟದ್ದು, ಕನಿಕರ.

"ನಿಮಗೆ ಗೊತ್ತಿರಲಿಲ್ಲ ಅಕ್ಕಾ," ಅಂದಳು. "ತಟ್ಟಬಾರದು ಅಂತ ನಾನೂ ಹೇಳಿರಲಿಲ್ಲ. ನಾನು ಎದ್ದು ಬಂದು ಒಂದು ಸಲ ಪಕ್ಕದಲ್ಲಿ ನಿಂತಿದ್ರೂ ಸಾಕಿತ್ತು. ಆ ಖಾನೆಗೆ ವಿವರಣೆ ಇಲ್ಲ, ಅದು ನನ್ನ ತಪ್ಪು. ಹೀಗೇ ಹೇಳೋಣ ಮೀಟಿಂಗಲ್ಲಿ. ಗೊತ್ತಿಲ್ಲದೆ ಆದದ್ದು ಅಂತ. ನಿಮಗೆ ಏನೂ ಆಗೋಕೆ ನಾನು ಬಿಡಲ್ಲ."

ತಪ್ಪಿಸಿಕೊಳ್ಳಲು ಬಾಗಿಲು ಅಷ್ಟು ಅಗಲಕ್ಕೆ ತೆರೆದಿತ್ತು. ತಲೆ ಬಗ್ಗಿಸಿ ಹೊರಟುಹೋಗಬಹುದಿತ್ತು. ಇಬ್ಬರು ರೋಗಿಗಳೂ ಉಳಿಯುತ್ತಿದ್ದರು, ಕೆಲಸವೂ ಉಳಿಯುತ್ತಿತ್ತು. ಅತ್ತೆಗೂ ಸಮಾಧಾನ.

"ಇನ್ನೊಂದಿದೆ," ಅಂದೆ.

ನಾಲ್ಕನೆಯ ತಿಂಗಳು, ಅವಳು ಆ ಉಬ್ಬಿಗೆ ಕೆಂಪು ಸುತ್ತು ಹಾಕಿ ಗೋಡೆಗೆ ಅಂಟಿಸಿದ ದಿನ. "ಎಷ್ಟು ಚೆನ್ನಾಗಿದೆ ನೋಡಿ ಅಕ್ಕಾ, ಪ್ರತಿ ಸಲಾನೂ ಬರುತ್ತೆ" ಎಂದಿದ್ದಳು. ನಾನು ಪ್ರತಿ ಸಲವೂ ತಟ್ಟುವುದು ಆಗ ನನಗೆ ನೆನಪಾಗಿತ್ತು. ಅವಳು ಊಟಕ್ಕೆ ಹೋದಾಗ ನಾನೊಬ್ಬಳೇ ಒಂದು ಪರೀಕ್ಷೆ ಮಾಡಿದೆ. ತಟ್ಟಲಿಲ್ಲ. ಒಂಬತ್ತು ಸೆಕೆಂಡು ಕಚ್ಚಿಕೊಂಡೇ ಇತ್ತು. ಗಾಬರಿಯಾಗಿ ತಟ್ಟಿಬಿಟ್ಟೆ. ಆಮೇಲೆ ಆ ದಾಖಲೆಯನ್ನು ಅಳಿಸಿದೆ. ಅಳಿಸಿದ್ದಕ್ಕೆ ಕಾರಣ ಕೇಳುವ ಖಾನೆಯಲ್ಲಿ "ಚೀಲದ ದೋಷ" ಎಂದು ಬರೆದೆ. ಚೀಲಕ್ಕೆ ಯಾವ ದೋಷವೂ ಇರಲಿಲ್ಲ. ಅವಳು ಅಷ್ಟು ಓದಿದವಳು, ಅವಳು ಹೇಳಿದ್ದೇ ಸರಿಯಿರಬೇಕು, ನನ್ನ ಉಗುರಿಗೆಲ್ಲಿ ಅಷ್ಟು ಶಕ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ದಡ್ಡಿ ಅನ್ನಿಸಿಕೊಳ್ಳುವ ಭಯ. ನಾಲ್ಕು ತಿಂಗಳ ಕೆಲಸ ನನ್ನಿಂದ ಹಾಳಾಯಿತು ಎಂದು ಗೊತ್ತಾದರೆ ಪ್ರೊಫೆಸರು ಮತ್ತೆ "ಹರಿದೇ ಹೋಯ್ತಲ್ಲಮ್ಮಾ" ಅಂದಾರು ಎಂಬ ಭಯ.

ಇದನ್ನೆಲ್ಲ ಇಷ್ಟು ಸರಾಗವಾಗಿ ಹೇಳಲಿಲ್ಲ. ತೊದಲಿದೆ. ಎರಡು ಸಲ ಮೊದಲಿಂದ ಶುರುಮಾಡಿದೆ.

"ಯಾವ ದಿನ?" ಎಂದಳು.

ದಿನ ಹೇಳಿದೆ. ಮರೆತಿರಲಿಲ್ಲ.

"ಅದೇ ವಾರ ನಾನು ಆರು ಸೆಕೆಂಡು ಅಂತ ಬರೆದದ್ದು," ಅಂದಳು. ಈಗ ಅವಳ ಮುಖದಲ್ಲಿ ಕನಿಕರ ಇರಲಿಲ್ಲ. ಅಕ್ಕಾ ಎನ್ನಲೂ ಇಲ್ಲ. ಎದ್ದು ಗಾಜಿನ ಆಚೆ ಹೋಗಿ ಫೋನು ಎತ್ತಿದಳು. ಬಾಗಿಲು ತೆರೆದೇ ಇತ್ತು.

"ಇಬ್ಬರನ್ನೂ ಮನೆಗೆ ಕಳಿಸಬೇಡಿ. ಹೌದು, ಇವತ್ತೇ. ಹಳೆ ಕಂಟ್ರೋಲರಿಗೆ ಬದಲಾಯಿಸಿ. ಇಲ್ಲ, ನೀರಿನ ವಿಷಯ ಅಲ್ಲ. ನಮ್ಮ ಕಡೆಯ ತಪ್ಪು... ನಮ್ಮ ಲ್ಯಾಬಿನ ತಪ್ಪು."

ನಮ್ಮ ಎಂದಳು. ಆ ಮಾತು ನನಗೆ ಏಟಿನ ಹಾಗೆ ತಾಗಿತು.

ಹನ್ನೊಂದಕ್ಕೆ ನಾನು ಎಲ್ಲರೆದುರು ಮತ್ತೆ ಹೇಳಿದೆ. ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. "ಬರೆದು ಕೊಡಿ," ಅಂದರು. "ಅಳಿಸಿದ್ದೂ ಸೇರಿಸಿ. ತೀರ್ಮಾನ ಆಗೋ ತನಕ ಯಂತ್ರ ಮುಟ್ಟಬೇಡಿ." ಎರಡು ಪುಟ ಬರೆದೆ. ಸಂಜೆ ತರಗತಿಯಲ್ಲಿ ಕಲಿತ ಹಾಗೆ, ಮೊದಲು ಆದದ್ದು, ಆಮೇಲೆ ಕಾರಣ. ಕಾರಣದ ಜಾಗದಲ್ಲಿ ಪೆನ್ನು ನಿಂತಿತು. "ಭಯ" ಎಂದು ಬರೆದರೆ ನೆವ ಹೇಳಿದ ಹಾಗೆ ಕಾಣುತ್ತಿತ್ತು. "ಗೊತ್ತಿದ್ದೂ ಹೇಳಲಿಲ್ಲ" ಎಂದಷ್ಟೇ ಬರೆದು ಸಹಿ ಹಾಕಿದೆ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಬಡಗಿಯ ಹೆಂಡತಿಗೆ ಹೇಳಲು ನನಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದೂ ಯಾರೂ ಹೇಳಿರಲಿಲ್ಲ, ಕೇಳಿದ್ದರೆ ಬಹುಶಃ ಬೇಡವೆನ್ನುತ್ತಿದ್ದರು. ಅದಕ್ಕೇ ಕೇಳದೆ ಹೋದೆ.

ಅದೇ ಕುರ್ಚಿ, ಅದೇ ಹಾಳೆ. ಪಕ್ಕದಲ್ಲಿ ಕೂರಲು ಧೈರ್ಯ ಬರಲಿಲ್ಲ, ನಿಂತೇ ಹೇಳಿದೆ. ಪಂಪು ಕಚ್ಚಿದರೆ ಕೂಡಲೇ ಬಿಡಿಸಬೇಕು, ಬಿಡಿಸುವ ಪೆಟ್ಟಿಗೆ ಕಾದುಕೊಂಡು ಕೂತಿತು, ಕಾಯಬೇಕು ಎಂದು ಅದಕ್ಕೆ ತಪ್ಪು ಕಲಿಸಿದ್ದು ನನ್ನ ಕೈ. ಲ್ಯಾಬಿನಲ್ಲಿ ನಾನು ತಟ್ಟಿ ತಟ್ಟಿ ಬಿಡಿಸಿದ್ದೆ, ಅದನ್ನು ಮುಚ್ಚಿಟ್ಟಿದ್ದೆ.

ಅವರು ಹಾಳೆಯ ಕೊನೆಯ ಅಂಕಿಯ ಮೇಲೆ ಬೆರಳಿಟ್ಟರು.

"ಈ ಆರು ಲೋಟ?"

ಸುಳ್ಳು ಹೇಳಿ ಅವರ ಮನಸ್ಸು ಹಗುರ ಮಾಡಬೇಕೆನ್ನಿಸಿತು. "ನೀರು ಕಡಿಮೆಯಾಗಿ ಕಚ್ಚಿರಬಹುದು," ಅಂದೆ. "ಯಾರ ಮನೇಲಾದ್ರೂ ಆಗುತ್ತೆ ಅದು, ಜ್ವರ ಬಂದ ದಿನ. ಅಂಥ ದಿನಕ್ಕೇ ಅಂತಲೇ ಆ ಪೆಟ್ಟಿಗೆ ಇರೋದು. ಅದು ಒಂದು ಸೆಕೆಂಡಲ್ಲಿ ಬಿಡಿಸಬೇಕಿತ್ತು. ಇಪ್ಪತ್ತೆರಡು ಸೆಕೆಂಡು ಬಿಡಲಿಲ್ಲ. ಬಿದ್ದದ್ದು ಅದರಿಂದ."

"ಅಂದ್ರೆ ನಿಮ್ಮಿಂದ."

"ನನ್ನಿಂದ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಯಲಿ ಎಂದು ಕಾದೆ. ಕೆನ್ನೆಗೆ ಹೊಡೆದರೂ ಸರಿಯೇ ಎಂದುಕೊಂಡಿದ್ದೆ.

"ಮೂರು ದಿನದಿಂದ," ಅಂದರು, "ಮೂರು ದಿನದಿಂದ ಆ ಮನುಷ್ಯನ ಮುಖ ನೋಡಿಲ್ಲ ನಾನು. ಒಳಗೆ ಒಬ್ಬರೇ ಮಲಗಿದ್ದಾರೆ. ನಿನ್ನೆ ನೀವು ಇಲ್ಲೇ ನಿಂತಿದ್ರಿ. ನಿನ್ನೆನೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು, ಕೆದರಿದ ಕೂದಲನ್ನು ಕೈಯಲ್ಲೇ ತೀಡಿಕೊಂಡರು. ನನ್ನ ಪಕ್ಕದಿಂದ ಹಾದುಹೋಗಿ ತೀವ್ರ ನಿಗಾ ಘಟಕದ ಬಾಗಿಲು ತಳ್ಳಿದರು. ಬಾಗಿಲು ಮುಚ್ಚಿಕೊಳ್ಳುವ ಮುಂಚೆ ಒಳಗಿನಿಂದ ಬಡಗಿಯ ಕ್ಷೀಣ ದನಿ ಕೇಳಿತು:

"ಬಂದ್ಯಾ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ?"

ಹೆಂಡತಿ ಏನೆಂದರೋ ಕೇಳಲಿಲ್ಲ.

ನಾನು ಅಲ್ಲೇ ನಿಂತಿದ್ದೆ. ಒಬ್ಬ ನರ್ಸು ಬಂದು, "ನೀವು ಪೇಷಂಟಿಗೆ ಏನಾಗಬೇಕು?" ಎಂದು ಕೇಳಿದಳು. ಏನೂ ಆಗಬೇಕಿಲ್ಲ ಎಂದೆ. "ಹಾಗಿದ್ರೆ ದಾರಿ ಬಿಡಿ ಅಮ್ಮಾ," ಅಂದಳು. ಬಿಟ್ಟೆ.